ಅಂಟಿದರೆ ಹದಿನೆಂಟು

2025ರ ಸೆಪ್ಟೆಂಬರ್ 21ರವರೆಗೆ ನಮ್ಮ ತೆರಿಗೆ ಪುಸ್ತಕದಲ್ಲಿ ಡ್ರೋನಿಗೆ ಮೂರು ಜನ್ಮಗಳಿದ್ದವು. ಕ್ಯಾಮೆರಾ ಮೈಗೆ ಅಂಟಿಕೊಂಡೇ ಹುಟ್ಟಿದ್ದರೆ ಜಿಎಸ್‌ಟಿ ಶೇ. 18. ಸ್ವಂತ ಬಳಕೆಗಾದರೆ 28. ಮಿಕ್ಕವಕ್ಕೆ 5. ಹೊಲಕ್ಕೆ ಔಷಧಿ ಹೊಡೆಯುವ ಯಂತ್ರ 5ರಲ್ಲಿ ಹಾರುತ್ತಿತ್ತು. ಭಾನುವಾರ ಮೈದಾನದಲ್ಲಿ ಸುಮ್ಮನೆ ಖುಷಿಗೆ ಹಾರಿಸುವವನು 28 ಕಟ್ಟುತ್ತಿದ್ದ. ಖುಷಿಯೂ ಐಷಾರಾಮಿ ಸರಕೇ, ಬಿಡಿ.

ಕ್ಯಾಮೆರಾ ಅಂಟಿದೆಯೋ ಇಲ್ಲವೋ ಎಂಬ ಈ ತತ್ವಶಾಸ್ತ್ರ ಬರೆದವರಿಗೆ ಗೊತ್ತಿತ್ತೋ ಇಲ್ಲವೋ, ಡ್ರೋನಿಗೆ ಅಗ್ಗದ ಆ್ಯಕ್ಷನ್ ಕ್ಯಾಮೆರಾ (ಹೆಲ್ಮೆಟ್ಟು, ಸೈಕಲ್ಲಿಗೆ ಸಿಕ್ಕಿಸುವ ಪುಟ್ಟ ವಿಡಿಯೊ ಕ್ಯಾಮೆರಾ) ಕಟ್ಟುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಕ್ಯಾಮೆರಾವನ್ನು ಫ್ರೇಮಿಗೆ ಅಂಟಿಸಲೇಬಾರದು. ಇಂಥ ಕ್ಯಾಮೆರಾದ ಸೆನ್ಸರ್ ಚಿತ್ರವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಕೆಳಗಿನ ಸಾಲು ಓದುವ ಹೊತ್ತಿಗೆ ಮೋಟಾರಿನ ನಡುಕ ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿರುತ್ತದೆ. ಪರಿಣಾಮ, ನೆಟ್ಟಗೆ ನಿಂತ ದೇವಸ್ಥಾನದ ಗೋಪುರ ಪರದೆಯ ಮೇಲೆ ಜೆಲ್ಲಿಯಂತೆ ಬಳುಕುತ್ತದೆ. ಡಬಲ್ ಟೇಪ್ ಹಾಕಿ ಗಟ್ಟಿಯಾಗಿ ಕೂರಿಸಿದಷ್ಟೂ ಬಳುಕು ಜಾಸ್ತಿ. ಅಂಟಿಗೆ ದಂಡ ಹಾಕಿದ್ದು ಸರ್ಕಾರದ ಇತಿಹಾಸದಲ್ಲಿ ಆಕಸ್ಮಿಕವಾಗಿ ಆದ ಅಪ್ಪಟ ಎಂಜಿನಿಯರಿಂಗ್. ಅದನ್ನೂ ರದ್ದು ಮಾಡಿದರು. ಈಗ ಅಂಟಿದರೂ 5, ನೇತಾಡಿದರೂ 5.

ದಂಡ ಹೋದರೂ ನಡುಕ ಹೋಗಲಿಲ್ಲ. ಮೊದಲು ಪ್ರೊಪೆಲ್ಲರ್ ತೂಗಿ. ಬ್ಯಾಲೆನ್ಸರಿನ ಮೇಲೆ ಅಡ್ಡಲಾಗಿಟ್ಟಾಗ ಯಾವ ಎಲೆ ಮೇಲೇಳುತ್ತದೋ ಅದರ ಬೆನ್ನಿಗೆ ಸೆಲ್ಲೋಟೇಪಿನ ಚೂರು ಹಚ್ಚುತ್ತಾ ಹೋಗಿ, ಎರಡೂ ಸಮ ನಿಲ್ಲುವವರೆಗೆ. ಆಮೇಲೆ ಎರಡು ತಟ್ಟೆ, ಒಂದು ಫ್ರೇಮಿಗೆ, ಇನ್ನೊಂದು ಕ್ಯಾಮೆರಾಕ್ಕೆ; ನಡುವೆ ನಡುಕ ನುಂಗಲು ನಾಲ್ಕು ಸಿಲಿಕೋನ್ ಗುಂಡು. ಎಲ್ಲರೂ ಎಡವುವುದು ಇಲ್ಲೇ: ಗಿಂಬಲ್ (ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೋಟಾರು ಚೌಕಟ್ಟು) ಸಮೇತ 200 ಗ್ರಾಂ ಹೊರಲು ಮಾಡಿದ ಗಟ್ಟಿ ಗುಂಡುಗಳ ಮೇಲೆ 58 ಗ್ರಾಂ ತೂಕದ ಎಸ್‌ಜೆ4000 ಎಂಬ ಅಗ್ಗದ ಕ್ಯಾಮೆರಾ ಕೂತರೆ ಅವು ಅಲ್ಲಾಡುವುದೇ ಇಲ್ಲ, ಕಲ್ಲಿನ ಮೇಲೆ ಕೂತಂತೆ. ಮೆತ್ತನೆಯವೇ ಬೇಕು. ಗುಂಡು ಕಿತ್ತುಬಂದರೆ ಕ್ಯಾಮೆರಾ ಬೀಳದಿರಲೆಂದು ಜಿಪ್ ಟೈ ಹಾಕುತ್ತಾರೆ, ಸರಿ; ಆದರೆ ಬಿಗಿದು ಎಳೆದುಬಿಟ್ಟರೆ ಆ ಟೈ ಮೂಲಕವೇ ನಡುಕ ಕ್ಯಾಮೆರಾಕ್ಕೆ ಹೋಗುತ್ತದೆ. ಬೆರಳು ತೂರುವಷ್ಟು ಸಡಿಲವಿರಲಿ.

ತೂಕದ ವಿಷಯಕ್ಕೆ ಬಂದರೆ ಕಾನೂನಿಗೆ ಅಕ್ಕಸಾಲಿಗನ ಕಣ್ಣು. 2021ರ ಡ್ರೋನ್ ನಿಯಮಗಳ ಪ್ರಕಾರ ಹೊತ್ತ ಸಾಮಾನೂ ಸೇರಿ 250 ಗ್ರಾಂವರೆಗೆ ನ್ಯಾನೋ, ಅದು ದಾಟಿದರೆ 2 ಕಿಲೋವರೆಗೆ ಮೈಕ್ರೋ. ನಿಮ್ಮ ಡ್ರೋನ್ 210 ಗ್ರಾಂ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಏರಿದೊಡನೆ 268. ಅದರಲ್ಲಿ ದುಡ್ಡು ಪಡೆದು ಮದುವೆ ಚಿತ್ರೀಕರಿಸಿದರೆ ಪೈಲಟ್ ಪ್ರಮಾಣಪತ್ರ ಬೇಕು, 250ರೊಳಗಿದ್ದರೆ ಬೇಡ. ನಡುವಿನ 18 ಗ್ರಾಂ ಎಂದರೆ ಒಂದು ಧಾರವಾಡ ಪೇಡೆಯೂ ಆಗಲಿಕ್ಕಿಲ್ಲ. ಒಂದಿಷ್ಟು ಗ್ರಾಂ ಇಳಿಸುವ ಸುಲಭ ದಾರಿ, ಕ್ಯಾಮೆರಾದ ಬ್ಯಾಟರಿ ಕಳಚಿ ಡ್ರೋನಿನ ಬಿಇಸಿಯಿಂದ (ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸುವ ಬಿಡಿಭಾಗ) ವಿದ್ಯುತ್ ಕೊಡುವುದು. ಯುಎಸ್‌ಬಿಯ ಕೆಂಪು, ಕಪ್ಪು ತಂತಿ ಮಾತ್ರ ಜೋಡಿಸಿ. ಇಷ್ಟೆಲ್ಲ ಮಾಡಿಯೂ ನೀರೊಳಗೆ ಬಳಸುವ ಪ್ಲಾಸ್ಟಿಕ್ ಡಬ್ಬದ ಸಮೇತ ಹಾರಿಸುವವರಿದ್ದಾರೆ. ಆಕಾಶದಲ್ಲಿ ಮುಳುಗುವ ಭಯ ಇರಬಹುದು.

ಎಫ್450 ಗಾತ್ರದ ದೊಡ್ಡ ಫ್ರೇಮಿದ್ದರೆ ಹೇಗೂ ಮೈಕ್ರೋ, ಈ ಗ್ರಾಂ ಗಲಾಟೆ ಇಲ್ಲ. 2212 ಗಾತ್ರದ ಮೋಟಾರು, 10 ಇಂಚಿನ ರೆಕ್ಕೆ, ಮೂರು ಸೆಲ್ಲಿನ (3ಎಸ್) ಬ್ಯಾಟರಿ. ಒಟ್ಟು ತೂಕ ಒಂದೂಕಾಲು ಕಿಲೋ ಸುತ್ತಮುತ್ತ ಇದ್ದರೆ ಎತ್ತುವ ಶಕ್ತಿ ಅದರ ದುಪ್ಪಟ್ಟು ಉಳಿಯುತ್ತದೆ. ಕ್ಯಾಮೆರಾ ಮುಂದೆ ಕೂತರೆ ಬ್ಯಾಟರಿ ಹಿಂದೆ ಸರಿಯಬೇಕು, ತಕ್ಕಡಿ ನ್ಯಾಯ. ಕ್ಯಾಮೆರಾದ ವೈಫೈ ಆರಿಸಿ, ನಿಮ್ಮ ರಿಮೋಟಿನದೂ ಅದೇ 2.4 ಗಿಗಾಹರ್ಟ್ಸ್. ಜಿಪಿಎಸ್ ಬಿಲ್ಲೆಯನ್ನು ಕಂಬದ ಮೇಲೆ ದೂರ ಇಡಿ.

ಈ ಫ್ರೇಮು ಮೋಟಾರುಗಳೆಲ್ಲ ಎಲ್ಲಿಂದ ಬರಬೇಕು? 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದು ನಿಷಿದ್ಧ; ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಇಡಿಯಾಗಿ ಬರಕೂಡದು, ಅರೆಬಿಚ್ಚಿ ಬರಕೂಡದು, ಪೂರ್ತಿ ಬಿಚ್ಚಿ ಒಟ್ಟಿಗೆ ಬಂದರೂ ಕೂಡದು. ಬಿಡಿಭಾಗವೆಂದು ಬಂದರೆ ಮಾತ್ರ ಯಾರ ಅಪ್ಪಣೆಯೂ ಬೇಡ. ಮಡಿ ಮನೆಯ ಲೆಕ್ಕ ಇದು: ಇಡೀ ಕೋಳಿ ಹೊಸಿಲು ದಾಟಬಾರದು, ರೆಕ್ಕೆ ಒಂದು ದಿನ, ಕಾಲು ಒಂದು ದಿನ ಬಂದರೆ ಅದು ತರಕಾರಿ. ಹಾಗೆ ಬಂದ ತರಕಾರಿಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆರಿಸಿಕೊಂಡು, ಮನೆಯಲ್ಲಿ ಬೆಸುಗೆ ಹಾಕಿದರೆ ಸ್ವದೇಶಿ ಡ್ರೋನ್ ಸಿದ್ಧ.

ಗ್ರಾಂ ಎಣಿಸುವ, ಅಂಟು ಮುಟ್ಟಿ ನೋಡುವ ಈ ವ್ಯವಸ್ಥೆ ಕ್ಯಾಮೆರಾ ಡಬ್ಬದ ಮೇಲಿನ '4ಕೆ' ಚೀಟಿಯನ್ನು ಮಾತ್ರ ಕಣ್ಣೆತ್ತಿಯೂ ನೋಡುವುದಿಲ್ಲ. 4ಕೆ ಎಂದರೆ ಪ್ರತಿ ಚೌಕಟ್ಟಿಗೆ ಸುಮಾರು 83 ಲಕ್ಷ ಬಿಂದು. ಅಗ್ಗದ ಎಷ್ಟೋ ಸೆನ್ಸರುಗಳಲ್ಲಿ ಅಷ್ಟು ಬಿಂದುಗಳೇ ಇರುವುದಿಲ್ಲ. ಇದ್ದಷ್ಟನ್ನೇ ಹಿಗ್ಗಿಸಿ ಬರೆಯುತ್ತಾರೆ, ಹಾಲಿಗೆ ನೀರು ಬೆರೆಸಿ ಪಾತ್ರೆ ತುಂಬಿದ ಹಾಗೆ. 1080ಪಿ, ಸೆಕೆಂಡಿಗೆ 60 ಚೌಕಟ್ಟು ಇದ್ದರೆ ಅದಕ್ಕೇ ಇಡಿ. ಬಿಸಿಲಿದ್ದರೆ ಲೆನ್ಸಿಗೆ ಬೆಳಕು ತಗ್ಗಿಸುವ ಎನ್‌ಡಿ8 ಫಿಲ್ಟರ್ ಹಾಕಿ, ಶಟರ್ ನಿಧಾನವಾಗಿ ಸಣ್ಣ ನಡುಕ ಮಸುಕಿನಲ್ಲಿ ಕರಗುತ್ತದೆ. 170 ಡಿಗ್ರಿ ನೋಟವನ್ನು ಇಳಿಸಿ, ಇಲ್ಲವಾದರೆ ಅಂಚಿನಲ್ಲಿ ನಿಮ್ಮದೇ ರೆಕ್ಕೆಗಳು ಬೀಸಣಿಗೆ ಬೀಸುತ್ತಿರುತ್ತವೆ.

ಕೊನೆಗೆ ಮದುವೆಯ ದಿನ. ಮಂಟಪದ ಮೇಲೆ ಇಳಿಸಿದರೆ 10 ಇಂಚಿನ ನಾಲ್ಕು ರೆಕ್ಕೆಗಳ ಗಾಳಿಗೆ ಅಕ್ಷತೆ ವಧೂವರರನ್ನು ಬಿಟ್ಟು ಅತಿಥಿಗಳ ಮೇಲೆ ಬೀಳುತ್ತದೆ. ಬ್ಯಾಟರಿ ಮುಗಿಯುತ್ತ ಬಂತು, ಸೆಲ್ಲಿಗೆ 3.5 ವೋಲ್ಟ್ ಎಂದು ಅಲಾರಂ ಕಿರುಚುತ್ತದೆ. ಇನ್ನೊಂದೇ ಸುತ್ತು ಎಂದು ಹುಡುಗಿಯ ಮಾವ ಕೈ ಆಡಿಸುತ್ತಾರೆ. ಡ್ರೋನ್ ನೇರ ತೆಂಗಿನ ಗರಿಗೆ ಹೋಗಿ ಸಿಕ್ಕಿ, ಅಲ್ಲಿಂದ ಎರಡು ಕಂತಿನಲ್ಲಿ ಇಳಿಯುತ್ತದೆ: ಮೊದಲು ಫ್ರೇಮ್, ಆಮೇಲೆ ಕ್ಯಾಮೆರಾ. ಕ್ಯಾಮೆರಾದ ಒಳಗಿನ ಬ್ಯಾಟರಿ ತೆಗೆದಿದ್ದರಿಂದ, ಕರೆಂಟು ಹೋದ ಕ್ಷಣವೇ ರೆಕಾರ್ಡಿಂಗ್ ಮುಚ್ಚದೆ ನಿಂತಿದೆ. ಕಾರ್ಡಿನಲ್ಲಿ ತೆರೆಯದ ಒಂದು ಕಡತ.

ಹಳೆಯ ತೆರಿಗೆ ಪುಸ್ತಕ ಈಗಲೂ ಇದ್ದಿದ್ದರೆ ಲೆಕ್ಕ ಸುಲಭವಿತ್ತು. ಕ್ಯಾಮೆರಾ ಬೇರ್ಪಟ್ಟಿದೆ, ಹಾಗಾಗಿ 18 ಇಲ್ಲ. ಖುಷಿಯೂ ಉಳಿದಿಲ್ಲ, ಹಾಗಾಗಿ 28 ಇಲ್ಲ. 5 ಕೊಟ್ಟು ಗುಡಿಸಿಕೊಂಡು ಹೋಗಬಹುದಿತ್ತು.