ಬಾಂಡ್ ಅಂದ್ರೆ ಪುಗಸಟ್ಟೆ ದುಡ್ಡಲ್ಲ
ಕ್ಯಾಲಿಫೋರ್ನಿಯಾ ರಸ್ತೆಗಳಿಗೆ ಮತ್ತೆ ಬಾಂಡ್ (ಸರ್ಕಾರ ಬಡ್ಡಿಗೆ ಎತ್ತುವ ಸಾಲ) ತಂದರೆ ತೆರಿಗೆ ಏರುವುದಿಲ್ಲ ಎಂದು ಬರೆದಿದ್ದೀರಿ. ಸರಿ, ಆದರೆ ಸಾಲ ತೀರಿಸುವವರು ಯಾರು? ರಸ್ತೆ-ಸಾರಿಗೆ ಬಾಂಡ್‌ಗೆ ಮತದಾರರು ಒಪ್ಪಿಗೆ ಕೊಟ್ಟ 2006ರ ಪ್ರಸ್ತಾವ, ಪ್ರೊಪೊಸಿಷನ್ 1ಬಿ ನೋಡಿ. ಸುಮಾರು 2,000 ಕೋಟಿ ಡಾಲರ್ ಸಾಲ. 30 ವರ್ಷದ ಬಡ್ಡಿಯೂ ಹೆಚ್ಚುಕಡಿಮೆ ಅಷ್ಟೇ ಅಂತ ಮತದಾರರಿಗೆ ಕೊಟ್ಟ ಅಂದಾಜಿನಲ್ಲೇ ಇತ್ತು! ಆಮೇಲೆ, 2011ರಲ್ಲಿ, ರಸ್ತೆ ರಿಪೇರಿಗೆ ಹೋಗಬೇಕಿದ್ದ ಲಾರಿಗಳ ತೂಕದ ಶುಲ್ಕವನ್ನೇ ಬಾಂಡ್ ಸಾಲದ ಕಡೆಗೆ ತಿರುಗಿಸಿದರು. ರಸ್ತೆಗೆಂದು ಮಾಡಿದ ಸಾಲ ರಸ್ತೆಯ ದುಡ್ಡನ್ನೇ ತಿಂದಿತು ಅಲ್ವಾ? ಗುಂಡಿ ಮುಚ್ಚಲು 2017ರಲ್ಲಿ ಪೆಟ್ರೋಲ್ ತೆರಿಗೆ ಗ್ಯಾಲನ್‌ಗೆ 12 ಸೆಂಟ್ ಏರಿಸಿದ್ದೇ ವಾಸಿ. ಬಂಕ್‌ನಲ್ಲಿ ನಾನೂ ಬೈದುಕೊಂಡವನೇ, ಆದರೆ ಲೆಕ್ಕ ಆಗಿಂದಾಗ್ಗೆ ಚುಕ್ತಾ. ತಲೆಮಾರುಗಟ್ಟಲೆ ನಿಲ್ಲುವ ಸೇತುವೆಗೆ ಸಾಲ ಮಾಡಲಿ, ಬೇಡ ಅನ್ನಲ್ಲ. ಕೆಲವೇ ವರ್ಷಕ್ಕೆ ಕಿತ್ತುಹೋಗುವ ಡಾಂಬರಿಗೆ 30 ವರ್ಷ ಬಡ್ಡಿ ಕಟ್ಟುವುದು ಯಾಕೆ?