ಹತ್ತು ಗಂಟೆಗೆ ಕೋಡ್ 10

ತತ್ಕಾಲ್ ಟಿಕೆಟ್ ಬುಕ್ ಮಾಡಿದವರಿಗೆ ಬೆಳಗಿನ ಹತ್ತು ಗಂಟೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎಸಿ ಡಬ್ಬಿಯ ಟಿಕೆಟ್ ಹತ್ತಕ್ಕೆ ಶುರುವಾಗುತ್ತದೆ. ಹತ್ತೂ ಮೂರಕ್ಕೆ ಹೋದರೆ ತಟ್ಟೆ ತೊಳೆಯುವ ಹೊತ್ತಿಗೆ ಊಟಕ್ಕೆ ಬಂದವನ ಗತಿ.

ಕಳೆದ ಗುರುವಾರ ನಾನು 9:40ಕ್ಕೇ ಕಾಫಿ ಮುಗಿಸಿದೆ. ಕಂಪ್ಯೂಟರ್ ಮೇಲಿನ ಬಟ್ಟೆ ತೆಗೆದೆ. ಅತ್ತೆಯವರ ಹೆಸರು, ವಯಸ್ಸು ಎಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ರೈಲು, ಮಂಡಿ ನೋವು, ಲೋಯರ್ ಬರ್ತೇ ಆಗಬೇಕು. ಸ್ವಿಚ್ ಒತ್ತಿದೆ. ಕಂಪ್ಯೂಟರ್ ಎದ್ದಿತು. ವೈಫೈ ಮಾತ್ರ ಏಳಲಿಲ್ಲ.

ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆಗೆದರೆ ಅಲ್ಲೇ ಕೂತಿತ್ತು, ಹಳದಿ ತ್ರಿಕೋನ. ಒಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಆಶ್ಚರ್ಯ ಆಗಬೇಕಾದದ್ದು ನನಗೆ, ಅದಕ್ಕೇನು ಆಶ್ಚರ್ಯ? ಅದರ ಮೇಲೆ ಕ್ಲಿಕ್ ಮಾಡಿದರೆ 'ದಿಸ್ ಡಿವೈಸ್ ಕೆನಾಟ್ ಸ್ಟಾರ್ಟ್. ಕೋಡ್ 10'. ಎರಡು ವಾರದಿಂದ ದಿನಾ ಬೆಳಿಗ್ಗೆ ಇದೇ ಸುಪ್ರಭಾತ. ರೀಸ್ಟಾರ್ಟ್ ಮಾಡಿದೆ. ನಮ್ಮ ಕಂಪ್ಯೂಟರಿನ ರೀಸ್ಟಾರ್ಟ್ ಅಂದರೆ ಒಂದು ಸಣ್ಣ ಸತ್ಯನಾರಾಯಣ ಪೂಜೆ. ಮುಗಿದು, ನೆಟ್ ಬಂದು, ಲಾಗಿನ್ ಆಗುವಷ್ಟರಲ್ಲಿ ಹತ್ತೂ ನಾಲ್ಕು. ವೇಟಿಂಗ್ ಲಿಸ್ಟ್ 38.

"ಫೋನಲ್ಲೇ ಮಾಡಬಹುದಿತ್ತಲ್ರೀ" ಅಂದಳು ನನ್ನ ಹೆಂಡತಿ. ಈ ಮಾತನ್ನು ಹತ್ತೂ ಐದಕ್ಕೆ ಹೇಳಿದಳು, ಒಂಬತ್ತೂ ಐವತ್ತಕ್ಕಲ್ಲ.

ಅತ್ತೆ ಬಸ್ಸಿನಲ್ಲಿ ಹೋದರು. ಬೆಂಗಳೂರು ಮುಟ್ಟಿದ ಮೇಲೆ ಬಂಧುಗಳಿಗೆಲ್ಲ ಫೋನ್ ಮಾಡಿ, "ಅಳಿಯಂದಿರ ಕಂಪ್ಯೂಟರ್ ಕೆಟ್ಟಿತ್ತಂತೆ" ಅಂದರಂತೆ. 'ಕೆಟ್ಟಿತ್ತು' ಅಂದಿದ್ದರೆ ನನಗೇನೂ ಅನಿಸುತ್ತಿರಲಿಲ್ಲ. ಆ 'ಅಂತೆ' ಇದೆಯಲ್ಲ, ಅದರಲ್ಲಿ ನನ್ನ ಇಪ್ಪತ್ತಾರು ವರ್ಷದ ಅಳಿಯತನವೇ ಮಣ್ಣುಪಾಲಾಯಿತು.

ಈ ಕೋಡ್ 10ರ ಹಿಂದೆ ನನ್ನ ಅನುಮಾನ ಇದ್ದದ್ದು ಡ್ರೈವರ್ ಮೇಲೆ. ಡ್ರೈವರ್ ಅಂದರೆ ಕಂಪ್ಯೂಟರಿನೊಳಗಿನ ಒಂದು ತಂತ್ರಾಂಶ, ಒಬ್ಬ ದುಭಾಷಿ. ಈ ಕಡೆ ಕಂಪ್ಯೂಟರ್, ಆ ಕಡೆ ವೈಫೈ ಡಾಂಗಲ್, ಅಂದರೆ ವೈಫೈ ಹಿಡಿಯಲಿಕ್ಕೆ ಪೋರ್ಟಿಗೆ ಚುಚ್ಚುವ ಪುಟ್ಟ ತುಂಡು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಲ್ಲ. ನಡುವೆ ಇವನು ಇಬ್ಬರಿಗೂ ಬೇಕಾದ ಹಾಗೆ ಹೇಳಿ ಸಂಸಾರ ನಡೆಸಬೇಕು. ಅಮ್ಮ ಬದುಕಿದ್ದಾಗ ಅಡುಗೆಮನೆಗೂ ದೇವರಮನೆಗೂ ನಡುವೆ ನಾನು ಇದೇ ಕೆಲಸ ಮಾಡಿದವನು. ಹಾಗಾಗಿ ಮೊದಮೊದಲು ಡ್ರೈವರ್ ಮೇಲೆ ಕನಿಕರವೇ ಇತ್ತು.

ಕನಿಕರ ಹೋದದ್ದು 'ಅಪ್‌ಡೇಟ್ ಡ್ರೈವರ್' ಒತ್ತಿದ ಮೇಲೆ. ಹಸಿರು ಗೆರೆಯೊಂದು ಆಚೆ ಈಚೆ ಓಡಾಡುತ್ತದೆ. ಏನೋ ದೊಡ್ಡ ಹುಡುಕಾಟ ನಡೆದಿದೆ ಅನ್ನುವ ಹಾಗೆ. ಆಮೇಲೆ ಬರುವ ಉತ್ತರ: ನಿಮ್ಮ ಡಿವೈಸಿಗೆ ಅತ್ಯುತ್ತಮವಾದ ಡ್ರೈವರ್ ಈಗಾಗಲೇ ಇದೆ. ಮದುವೆ ಬ್ರೋಕರ್ ಮಾತು ಇದು. ಗಂಡು ಹಾಸಿಗೆ ಬಿಟ್ಟು ಏಳಲ್ಲ, ಇದಕ್ಕಿಂತ ಒಳ್ಳೆ ಸಂಬಂಧ ಸಿಗಲ್ಲ ಸ್ವಾಮಿ ಅನ್ನುತ್ತಾನೆ.

ಸರಿ, ಹೊಸದಾಗಿ ಹಾಕೋಣ ಅಂದರೆ ಡ್ರೈವರ್ ಇಂಟರ್‌ನೆಟ್‌ನಲ್ಲಿದೆ. ಇಂಟರ್‌ನೆಟ್ ಬೇಕಾದರೆ ಡ್ರೈವರ್ ಬೇಕು. ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ. ಈ ಗಾದೆ ಕಟ್ಟಿದವನ ಮನೆಯಲ್ಲೂ ವೈಫೈ ಡಾಂಗಲ್ ಇತ್ತೋ ಏನೋ. ಡಾಂಗಲ್ ಜೊತೆಗೆ ಒಂದು ಮರಿ ಸಿಡಿ ಬಂದಿತ್ತು, ಎಂಟು ಸೆಂಟಿಮೀಟರಿನದು. ಅದನ್ನು ಒಂಬತ್ತು ವರ್ಷ ಜೋಪಾನ ಮಾಡಿದ್ದೆ. ಈಗ ಹುಡುಕಿ ತೆಗೆದರೆ ಸಿಡಿ ಡ್ರೈವ್ ಬಾಯಿ ಬಿಡುತ್ತಿಲ್ಲ. ಕೊನೆಗೆ ಫೋನಿಗೆ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಮಾಡಿ, ಅಂದರೆ ಫೋನಿನ ನೆಟ್ಟನ್ನೇ ಕಂಪ್ಯೂಟರಿಗೆ ಕೊಟ್ಟು, ಡ್ರೈವರ್ ಇಳಿಸಿಕೊಂಡೆ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ ಹೊಸದು ಹಾಕಿದೆ. ಆ ದಿನವೆಲ್ಲ ಚೆನ್ನಾಗಿತ್ತು. ಬೆಳಿಗ್ಗೆ ಮತ್ತೆ ತ್ರಿಕೋನ.

ಆಮೇಲೆ ನಾನು ಮಡಿವಂತನಾದೆ. ಮುಂದಿನ ಪೋರ್ಟ್ ಬೇಡ, ಹಿಂದಿನದೇ ಆಗಲಿ. ಹಿಂದೆಯೂ ಬಲಗಡೆ. ಡಾಂಗಲ್ ತೆಗೆದು ಒರೆಸಿ ಹಾಕುವುದು, ಊದಿ ಹಾಕುವುದು. ಕೆಲವು ದಿನ ನಡೆಯಿತು, ಕೆಲವು ದಿನ ಇಲ್ಲ. ದೇವರೂ ಹೀಗೇ ಅಲ್ವಾ.

ಇಲ್ಲಿ ಫಾರ್ಮ್ಯಾಟಪ್ಪನ ಪ್ರವೇಶ. ಇದು ಅವನ ಹೆಸರಲ್ಲ, ನಾವಿಟ್ಟದ್ದು. ನಮ್ಮ ಬಡಾವಣೆಯ ಸರ್ಕಲ್ಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ತುಂಬ ಒಳ್ಳೆ ಹುಡುಗ, ಕೈ ಶುದ್ಧ, ಫೋನ್ ಮಾಡಿದರೆ ಎತ್ತುತ್ತಾನೆ. ಒಂದೇ ಒಂದು ಅಭ್ಯಾಸ. ಏನೇ ಹೇಳಿ, ಎರಡು ನಿಮಿಷ ಗಂಭೀರವಾಗಿ ಕೇಳಿಸಿಕೊಂಡು, ಗಲ್ಲ ಕೆರೆದುಕೊಂಡು, "ಫಾರ್ಮ್ಯಾಟ್ ಹೊಡೀಬೇಕು ಸರ್" ಅನ್ನುತ್ತಾನೆ. ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಕಂಪ್ಯೂಟರ್ ನಿಧಾನ ಅಂದರೂ ಫಾರ್ಮ್ಯಾಟ್. ವೈರಸ್ ಅಂದರೂ ಫಾರ್ಮ್ಯಾಟ್. ಒಮ್ಮೆ ಕೀಬೋರ್ಡಿನಲ್ಲಿ ಸ್ಪೇಸ್ ಬಾರ್ ಕಚ್ಚಿಕೊಂಡಿತ್ತು. ಕೆಳಗೆ ಕೋಡುಬಳೆ ಚೂರು ಸಿಕ್ಕಿಕೊಂಡದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅವನು ಅದನ್ನು ನೋಡಿಯೂ, "ತೆಗೆದು ಕೊಡ್ತೀನಿ ಸರ್, ಆದ್ರೆ ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಒಳ್ಳೇದು" ಅಂದ. ಪಕ್ಕದ ಮನೆಯವರ ಪ್ರಿಂಟರಿನಲ್ಲಿ ಇಂಕ್ ಮುಗಿದಾಗಲೂ ಇದೇ ಔಷಧಿ ಹೇಳಿದನಂತೆ. ನಮ್ಮ ಕಾಲದ ಡಾಕ್ಟರೊಬ್ಬರು ಎಲ್ಲ ರೋಗಕ್ಕೂ ಕೆಂಪು ನೀರು ಕೊಡುತ್ತಿದ್ದರಲ್ಲ, ಹಾಗೆ. ಆದರೆ ಕೆಂಪು ನೀರು ಕುಡಿದವರಿಗೆ ಹಳೆಯದೆಲ್ಲ ಮರೆತುಹೋಗುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಮ್ಮೆ ಅವನ ಮಾತು ಕೇಳಿದ್ದೆ. ಕಂಪ್ಯೂಟರ್ ಮಗುವಿನ ಹಾಗೆ ಓಡಿತು. ಆದರೆ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೇ ಫಾಂಟುಗಳು ಹೋಗಿದ್ದವು. ಹತ್ತು ವರ್ಷ ಬರೆದಿಟ್ಟದ್ದೆಲ್ಲ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಫಾಂಟ್ ಮತ್ತೆ ಹಾಕಿದ ಮೇಲೆ ಅಕ್ಷರ ಬಂದವು. ಡೆಸ್ಕ್‌ಟಾಪ್ ಮೇಲಿದ್ದ ಫೋಟೋಗಳು ಬರಲಿಲ್ಲ.

ಅದಕ್ಕೇ ಈ ಸಲ ನಾನು ಗಟ್ಟಿ. ಶುಕ್ರವಾರ ಫೋನ್ ಮಾಡಿ, "ಫಾರ್ಮ್ಯಾಟ್ ಬಿಟ್ಟು ಬೇರೆ ಏನಾದ್ರೂ ಹೇಳಪ್ಪ" ಅಂದೆ. ಆ ಕಡೆ ಬಹಳ ಹೊತ್ತು ಮೌನ. ಸನ್ಯಾಸಿಗೆ ಕಾವಿ ಬಿಟ್ಟು ಬೇರೆ ಬಟ್ಟೆ ಹಾಕಿಕೋ ಅಂದ ಹಾಗಾಯಿತೇನೋ. ಕೊನೆಗೆ "ಸಿಪಿಯು ತಗೊಂಬನ್ನಿ ಸರ್, ನೋಡಣ" ಅಂದ.

ಅವನ ಭಾಷೆಯಲ್ಲಿ ಸಿಪಿಯು ಅಂದರೆ ಆ ಇಡೀ ಕಬ್ಬಿಣದ ಡಬ್ಬಿ. ಹಿಂದಿನ ವೈರುಗಳನ್ನೆಲ್ಲ ಕಿತ್ತೆ. ಯಾವುದು ಎಲ್ಲಿತ್ತು ಅಂತ ಫೋಟೋ ಹೊಡೆದುಕೊಂಡೆ. ದಾರಿಯಲ್ಲಿ ಮುರಿದೀತು ಅಂತ ಡಾಂಗಲ್ಲನ್ನು ಹುಷಾರಾಗಿ ಬಿಡಿಸಿದೆ. ಡಬ್ಬಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಸ್ಕೂಟರಿನಲ್ಲಿ ಕಾಲಿನ ಮಧ್ಯೆ ನಿಲ್ಲಿಸಿಕೊಂಡು ಹೊರಟೆ. ಜಿಟಿಜಿಟಿ ಮಳೆ ಬೇರೆ. ಬೆಡ್‌ಶೀಟ್ ಗಂಟು ನೋಡಿ, ಎದುರು ಸಿಕ್ಕ ಇಬ್ಬರು ಮನೆ ಖಾಲಿ ಮಾಡ್ತಿದ್ದೀರಾ ಅಂತ ಕೇಳಿದರು. ಬ್ರೇಕ್ ಹಾಕಬೇಕಾದರೆ ಮೊದಲು ಡಬ್ಬಿಯ ಅನುಮತಿ ಬೇಕಿತ್ತು.

ಅಂಗಡಿಯಲ್ಲಿ ಅವನು ತನ್ನ ನೆಟ್‌ವರ್ಕ್ ಕೇಬಲ್ ಚುಚ್ಚಿ ಆನ್ ಮಾಡಿದ. ನೆಟ್ ಸರ್ರಂತ ಬಂತು. "ಚೆನ್ನಾಗೇ ಇದೆಯಲ್ಲ ಸರ್!"

"ಅದು ಕೇಬಲ್ಲಪ್ಪ. ವೈಫೈ ನೋಡು."

"ಡಾಂಗಲ್ ಕೊಡಿ."

ಅಂಗಿ ಜೇಬು ನೋಡಿದೆ. ಪ್ಯಾಂಟ್ ಜೇಬು ನೋಡಿದೆ. ಬೆಡ್‌ಶೀಟ್ ಕೊಡವಿದೆ. ಆಮೇಲೆ ಕಣ್ಣ ಮುಂದೆ ಬಂತು. ಕಂಪ್ಯೂಟರ್ ಟೇಬಲ್ಲು, ಅದರ ಮೇಲೆ ನಾನೇ ಹುಷಾರಾಗಿ ಇಟ್ಟ ಸ್ಟೀಲ್ ಬಟ್ಟಲು, ಬಟ್ಟಲೊಳಗೆ ಉಗುರಿನಷ್ಟು ದೊಡ್ಡ ಡಾಂಗಲ್. ರೋಗಿಯನ್ನು ಮನೆಯಲ್ಲಿ ಬಿಟ್ಟು, ಅವನು ಮಲಗುವ ಮಂಚ ಹೊತ್ತು ಆಸ್ಪತ್ರೆಗೆ ಬಂದಿದ್ದೆ.

ಫಾರ್ಮ್ಯಾಟಪ್ಪ ನಗಲಿಲ್ಲ. ಅಷ್ಟು ಸಂಸ್ಕಾರ ಇದೆ. ಡಬ್ಬಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಮೆಲ್ಲಗೆ ಕೇಳಿದ: "ಹೆಂಗೂ ತಂದಿದೀರಲ್ಲ ಸರ್. ಫಾರ್ಮ್ಯಾಟ್ ಹೊಡೆದುಬಿಡ್ಲಾ?"

ಡಬ್ಬಿ ಮನೆಗೆ ತಂದು ಬೆಡ್‌ಶೀಟ್ ಬಿಚ್ಚಿದಾಗ ಬದಿಯಲ್ಲಿ ಮಗಳು ಅಂಟಿಸಿದ ಚಿಟ್ಟೆಯ ಸ್ಟಿಕರ್ ಕಾಣಿಸಿತು. ಅರ್ಧ ರೆಕ್ಕೆ ಹೋಗಿದೆ. ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿ, ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಆಗ ನನಗೆ ಅರ್ಧ ಗಂಟೆ, ಅವಳಿಗೆ ಅರ್ಧ ಗಂಟೆ ಅಂತ ಗೋಡೆಗೆ ಟೈಮ್‌ಟೇಬಲ್ ಅಂಟಿಸಿದ್ದೆವು. ಅವಳು ದಿನಾ ಹತ್ತು ನಿಮಿಷ ಕದಿಯುತ್ತಿದ್ದಳು. ಈಗ ಅವಳು ಪುಣೆಯಲ್ಲಿ. ಇಡೀ ಕಂಪ್ಯೂಟರ್ ನನ್ನದೇ, ದಿನಕ್ಕೆ ಇಪ್ಪತ್ನಾಲ್ಕು ಗಂಟೆ.

ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡಿದಳು. ಅವಳ ಅಮ್ಮ ಎಲ್ಲ ವರದಿ ಒಪ್ಪಿಸಿದ್ದಳು, ಬಟ್ಟಲಿನ ಸಮೇತ. ನಗು ಮುಗಿದ ಮೇಲೆ ಕೇಳಿದಳು.

"ಅಪ್ಪಾ, ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತಾ?"

"ಹೋಗುತ್ತೆ."

"ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದ್ರೆ ಮಾತ್ರ ಕೋಡ್ 10?"

"ಹೌದು. ಎರಡೂ ಒಂದೇ ಅಲ್ವೇನೇ?"

"ಅಲ್ಲಪ್ಪ. ಟಾಸ್ಕ್ ಮ್ಯಾನೇಜರ್ ತೆಗಿ. ಪರ್ಫಾರ್ಮೆನ್ಸ್ ಒತ್ತು. ಅಪ್ ಟೈಮ್ ಎಷ್ಟಿದೆ?"

ನಾನು ಆನ್ ಮಾಡಿ ಐದು ನಿಮಿಷ ಆಗಿತ್ತು. ಕಂಪ್ಯೂಟರ್ ಎದ್ದು ಎಷ್ಟು ಹೊತ್ತಾಯಿತು ಅಂತ ಹೇಳುವ ಆ ಅಪ್ ಟೈಮಿನಲ್ಲಿ 23 ಗಂಟೆ ಅಂತ ಇತ್ತು. ಅಂದರೆ ಶನಿವಾರ ಬೆಳಿಗ್ಗೆ ರೀಸ್ಟಾರ್ಟ್ ಮಾಡಿದಾಗಿನಿಂದ ಲೆಕ್ಕ. ರಾತ್ರಿ ನಾನು ಶಟ್‌ಡೌನ್ ಮಾಡಿ, ಸ್ವಿಚ್ ಆರಿಸಿ, ಬಟ್ಟೆ ಹೊದಿಸಿ ಮಲಗಿದ್ದೆ. ಇದು ಸುಮ್ನೆ ಕಣ್ಣು ಮುಚ್ಚಿ ನಾಟಕ ಮಾಡಿತ್ತು!

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಹೀಗಂತೆ. ಫಾಸ್ಟ್ ಸ್ಟಾರ್ಟಪ್ ಅಂತ ಹೆಸರು. ಶಟ್‌ಡೌನ್ ಮಾಡಿದಾಗ ಒಳಗಿನ ಡ್ರೈವರುಗಳ ಸ್ಥಿತಿಯನ್ನೆಲ್ಲ ಹಾಗೇ ಹಾರ್ಡ್‌ಡಿಸ್ಕಿನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿ ನಿಲ್ಲಿಸುತ್ತದೆ. ಬೇಗ ಆನ್ ಆಗಲಿ ಅಂತ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಮಾಡಿದಾಗ ಮಾತ್ರ. ರಾತ್ರಿ ಮುನಿಸಿಕೊಂಡು ಮಲಗಿದವರು ಬೆಳಿಗ್ಗೆ ಅದೇ ಮುಖ ಹೊತ್ತು ಏಳುತ್ತಾರಲ್ಲ, ನನ್ನ ಡ್ರೈವರ್ ಎರಡು ವಾರದಿಂದ ಮಾಡುತ್ತಿದ್ದದ್ದು ಅದನ್ನೇ. ಅದೂ ನನ್ನ ಸಮಯ ಉಳಿಸಲಿಕ್ಕೆ! ವೇಟಿಂಗ್ ಲಿಸ್ಟ್ 38!

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಸಾಲು, ಅದರ ಕೆಳಗೆ ಫಾಸ್ಟ್ ಸ್ಟಾರ್ಟಪ್ ಮುಂದೆ ಒಂದು ಟಿಕ್ ಗುರುತು. ತೆಗೆದೆ. ನಾಲ್ಕು ದಿನವಾಯಿತು, ತ್ರಿಕೋನ ಇಲ್ಲ. ಈಗ ಆನ್ ಆಗಲು ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ನಿನ್ನೆ ಸರ್ಕಲ್ಲಿನಲ್ಲಿ ಫಾರ್ಮ್ಯಾಟಪ್ಪ ಸಿಕ್ಕಿದ. ಸ್ವಲ್ಪ ಜಂಬದಿಂದಲೇ ಎಲ್ಲ ಹೇಳಿದೆ. ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡು, "ಫಾರ್ಮ್ಯಾಟ್ ಹೊಡೆದಿದ್ರೂ ಹೋಗ್ತಿತ್ತು ಸರ್" ಅಂದ. ಹೋಗುತ್ತಿರಲಿಲ್ಲ. ಹೊಸದಾಗಿ ಹಾಕಿದರೂ ಆ ಟಿಕ್ ಗುರುತು ತಾನೇ ಬಂದು ಕೂರುತ್ತದಂತೆ, ಮಗಳು ಹೇಳಿದ್ದಾಳೆ. ವಾದ ಮಾಡಲಿಲ್ಲ.

ಮಾಡದೇ ಇದ್ದದ್ದು ಒಳ್ಳೆಯದಾಯಿತು. ಇವತ್ತು ಬೆಳಿಗ್ಗೆಯಿಂದ ಯುಪಿಎಸ್ ಕುಯ್ಯೋ ಅಂತಿದೆ. ಬ್ಯಾಟರಿ ಹೋಗಿರಬೇಕು. ಬೇರೆ ದಾರಿ ಕಾಣದೆ ಅವನಿಗೇ ಫೋನ್ ಮಾಡಿದೆ. ಎರಡು ನಿಮಿಷ ಗಂಭೀರವಾಗಿ ಕೇಳಿಸಿಕೊಂಡ. ಗಲ್ಲ ಕೆರೆದ ಸದ್ದು ಫೋನಿನಲ್ಲೂ ಕೇಳಿಸಿತು.

"ಸರ್, ಕೊನೇ ಸಲ ವಿಂಡೋಸ್ ಹಾಕಿಸಿದ್ದು ಯಾವಾಗ?"