ಮೇ ತಿಂಗಳ ಚಾಂಪಿಯನ್ನರು

ನಮ್ಮ ಊರಿನ ಫುಟ್‌ಬಾಲ್ ಕ್ಲಬ್ಬು ಸೀಸನ್ನಿನ ಕೊನೆಯ ನಾಲ್ಕು ಮ್ಯಾಚಿನಲ್ಲಿ ಮೂರು ಗೆದ್ದಿದೆ. ಇದು ಸಣ್ಣ ಸಂಗತಿ ಅಂತ ನಿಮಗೆ ಅನಿಸಿದರೆ ನೀವು ಈಚೆಗೆ ಕಾಸರಗೋಡು ಜಿಲ್ಲೆಯ ಕುಂಬಳೆ–ಬದಿಯಡ್ಕ ರಸ್ತೆಯಲ್ಲಿ ಬಂದಿಲ್ಲ. ಪ್ರತಿ ತಿರುವಿಗೂ ಒಂದು ಫ್ಲೆಕ್ಸ್. ಆಡಿದವರು ಏಳು ಮಂದಿ, ಫ್ಲೆಕ್ಸಿನಲ್ಲಿ ಇರುವವರು ಮೂವತ್ತು ಮಂದಿ. ಗೋಲು ಹೊಡೆದ ಹುಡುಗ ಕೆಳಗೆ ಎಡಮೂಲೆಯಲ್ಲಿ, ಪ್ರೆಸ್ಸಿನ ಫೋನ್ ನಂಬರಿನ ಪಕ್ಕ ನಿಂತಿದ್ದಾನೆ. ಕ್ಲಬ್ಬಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಫ್ಲೆಕ್ಸಿನಲ್ಲಿ ನನ್ನ ಫೋಟೋವೂ ಬಂದೀತು, ಅದರ ಖರ್ಚೂ ನನ್ನ ತಲೆಗೇ ಬಂದೀತು.

ಈ ನಾಲ್ಕಕ್ಕೆ ಮೊದಲಿನ ಮ್ಯಾಚುಗಳ ಗತಿ ಏನಾಯಿತು ಅಂತ ಕೇಳಬಾರದು. ನವೆಂಬರಿನಿಂದ ಮಾರ್ಚ್‌ವರೆಗೆ ನಡೆದದ್ದಕ್ಕೆ ಸಮಿತಿಯವರು ‘ಟೀಮು ಕಟ್ಟುವ ಹಂತ’ ಎಂದು ಹೆಸರಿಟ್ಟಿದ್ದಾರೆ. ಸೋತದ್ದು ಹೌದು, ಆದರೆ ಕಟ್ಟುತ್ತಾ ಸೋತದ್ದು.

ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ಹಿನ್ನೆಲೆ ಬೇಕು. ಮಲಬಾರಿನ ಸೆವೆನ್ಸ್ ಫುಟ್‌ಬಾಲ್ ಅಂದರೆ ಒಂದು ಕಡೆಗೆ ಏಳೇ ಜನ. ಮಳೆ ಬಿಟ್ಟ ಮೇಲೆ ಶುರು, ಮಳೆ ಬಂದರೆ ಮುಗಿಯಿತು. ರಾತ್ರಿ ಲೈಟು ಹಾಕಿ ಆಡುತ್ತಾರೆ. ಅಡಿಕೆ ಮರದ ಕಾಂಡವನ್ನೂ ಬಿದಿರನ್ನೂ ಹಗ್ಗದಲ್ಲಿ ಬಿಗಿದರೆ ಗ್ಯಾಲರಿ ತಯಾರು. ದುಡ್ಡಿರುವ ಟೀಮುಗಳು ಆಫ್ರಿಕಾದಿಂದ ಗೆಸ್ಟ್ ಆಟಗಾರರನ್ನು ಕರೆಸುತ್ತವೆ. ದುಡ್ಡಿಲ್ಲದ ನಾವು ಪಕ್ಕದ ಪೆರ್ಲದಿಂದ ಕರೆಸುತ್ತೇವೆ.

ಈಗ ಆ ಮೂರು ಗೆಲುವಿನ ವಿಷಯಕ್ಕೆ ಬರೋಣ. ಮೊದಲನೆಯದರಲ್ಲಿ ಎದುರಾಳಿಗಳ ಗೆಸ್ಟ್ ಆಟಗಾರ ವೀಸಾ ಮುಗಿದು ಅವನ ದೇಶಕ್ಕೆ ಹೋಗಿಯಾಗಿತ್ತು. ಎರಡನೆಯದರಲ್ಲಿ ಅವರ ಗೋಲ್‌ಕೀಪರಿಗೆ ಕುಟುಂಬದ ತರವಾಡು ಮನೆಯಲ್ಲಿ ದೈವದ ನೇಮ, ಅವನ ಜಾಗದಲ್ಲಿ ಟೀಮನ್ನು ಕರೆತಂದ ಜೀಪಿನ ಡ್ರೈವರು ನಿಂತಿದ್ದ. ಚೆಂಡು ಬಂದಾಗಲೆಲ್ಲ ಅವನು ಒಳ್ಳೆಯ ಡ್ರೈವರಿನ ಹಾಗೆ ಸೈಡ್ ಕೊಡುತ್ತಿದ್ದ. ಮೂರನೆಯದಕ್ಕೆ ಎದುರಾಳಿಗಳು ಬರಲೇ ಇಲ್ಲ. ತಲಪಾಡಿ–ಚೆಂಗಳ ನಡುವಿನ ಹೆದ್ದಾರಿ ಆರು ಪಥ ಆದ ಮೇಲೆ ನಮ್ಮವರಿಗೆ ಎಲ್ಲಿ ಹತ್ತುವುದು, ಎಲ್ಲಿ ಇಳಿಯುವುದು ಅಂತ ಗೊತ್ತಾಗುವುದಿಲ್ಲ. ಅವರ ಗಾಡಿ ಇಳಿಯಬೇಕಾದಲ್ಲಿ ಇಳಿಯದೆ ಸೀದಾ ಹೋಯಿತು. ಫೋನು ಮಾಡಿದಾಗ ತಲಪಾಡಿ ದಾಟಿ ಕರ್ನಾಟಕದಲ್ಲಿದ್ದರು. ನಮಗೆ ವಾಕೋವರ್ ಸಿಕ್ಕಿತು.

ಆ ರಾತ್ರಿ ಪಟಾಕಿ ಹೊಡೆದರು.

“ವಾಕೋವರ್ ಅಂದರೂ ಗೆಲುವೇ ಅಲ್ವಾ?” ಎಂದು ಕೇಳಿದ ನಮ್ಮ ಕಾರ್ಯದರ್ಶಿಗಳು ಮರುದಿನವೇ ಒಂದು ಲೆಕ್ಕ ಹಾಕಿದರು. ಆ ಮ್ಯಾಚಿನಲ್ಲಿ ನಮ್ಮ ಗೋಲಿನ ಕಡೆಗೆ ಒಂದೇ ಒಂದು ಚೆಂಡು ಬಂದಿಲ್ಲ. ಅಂದರೆ ನಮ್ಮ ಡಿಫೆನ್ಸು ಬಹಳ ಸುಧಾರಿಸಿದೆ. ನಾಲ್ಕನೆಯ ಮ್ಯಾಚು ಸೋತದ್ದು ಏಕೆ ಎಂದರೆ ಎದುರು ಟೀಮಿನವರು ಸಮಯಕ್ಕೆ ಸರಿಯಾಗಿ, ಏಳೂ ಜನ ಬಂದಿದ್ದರು. ಅದು ನಮ್ಮ ಕೈಯಲ್ಲಿಲ್ಲದ ವಿಷಯ.

ಯಕ್ಷಗಾನದಲ್ಲಿ ಇಂಥ ವೇಷಧಾರಿಯನ್ನು ನೀವು ನೋಡಿರುತ್ತೀರಿ. ರಾತ್ರಿಯಿಡೀ ಚೌಕಿಯಲ್ಲಿ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದು ಬಂದು ಎರಡು ಗಿರಕಿ ಹೊಡೆಯುತ್ತಾನೆ. ಆಗ ಎಚ್ಚರ ಇರುವುದು ಚಾಯದ ಅಂಗಡಿಯವನಿಗೆ ಮಾತ್ರ. ಆದರೂ ಮರುದಿನ ಆಟ ಎತ್ತಿದ್ದು ತಾನೇ ಅಂತ ಹೇಳಿಕೊಂಡು ತಿರುಗುತ್ತಾನೆ.

ಸೀಸನ್ ಮುಗಿದ ಭಾನುವಾರ ವಾಚನಾಲಯದಲ್ಲಿ ಅವಲೋಕನ ಸಭೆ ಕರೆದರು. ಸಭೆಯಲ್ಲಿ ಎರಡು ಪಕ್ಷ. ಒಂದು ಫಾರ್ಮಿನ ಪಕ್ಷ, ಇನ್ನೊಂದು ಗುರಿಯ ಪಕ್ಷ. ಫಾರ್ಮಿನವರು ಹೇಳುವುದು: ಈಗ ಟೀಮು ಉತ್ತುಂಗದಲ್ಲಿದೆ, ಮಳೆ ಒಂದು ಬಾರದಿದ್ದರೆ ನಮ್ಮನ್ನು ಹಿಡಿಯುವವರಿರಲಿಲ್ಲ. ಗುರಿಯವರು ಹೇಳುವುದು: ಈ ಸೆವೆನ್ಸು, ಈ ಕಪ್ಪು, ಈ ನಗದು ಬಹುಮಾನ, ಇದೆಲ್ಲ ಸಣ್ಣ ಯೋಚನೆ. 2040ಕ್ಕೆ ನಾವು ಏಷ್ಯಾ ಮಟ್ಟದಲ್ಲಿ ಆಡಬೇಕು. ಪ್ರಾಕ್ಟೀಸಿನ ಪಕ್ಷ ಅಂತ ಮೂರನೆಯದೊಂದು ಇರಬಹುದೇನೋ ಅಂತ ಹಿಂದೆ ತಿರುಗಿ ನೋಡಿದೆ. ಅಲ್ಲಿ ಕುರ್ಚಿ ಖಾಲಿ ಇತ್ತು.

ದುಬಾಯಿಯಿಂದ ವೀಡಿಯೋ ಕಾಲಿನಲ್ಲಿ ಬಂದ ಹಿರಿಯ ಸದಸ್ಯರೊಬ್ಬರು ಲೆಸ್ಟರ್ ಸಿಟಿಯ ಕಥೆ ತೆಗೆದರು. ಜಗತ್ತಿನ ಯಾವ ಮೂಲೆಯ ಸೋತ ಕ್ಲಬ್ಬಿಗೆ ಹೋದರೂ ಅಲ್ಲಿ ಲೆಸ್ಟರಿನ ಕಥೆ ಹೇಳುವವರು ಒಬ್ಬರು ಇದ್ದೇ ಇರುತ್ತಾರೆ. ಕಥೆ ಸುಳ್ಳಲ್ಲ. 2015ರ ಏಪ್ರಿಲಿನಲ್ಲಿ ಲೆಸ್ಟರ್ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ತಳದಲ್ಲಿತ್ತು. ಕೊನೆಯ ಒಂಬತ್ತು ಮ್ಯಾಚಿನಲ್ಲಿ ಏಳು ಗೆದ್ದು ಉಳಿದುಕೊಂಡಿತು. ಮರುವರ್ಷ 81 ಪಾಯಿಂಟು ಮಾಡಿ ಚಾಂಪಿಯನ್ನೇ ಆಯಿತು. ಸೀಸನ್ನಿಗೆ ಮೊದಲು ಅವರ ಮೇಲೆ ಬಾಜಿಯ ದರ 5000ಕ್ಕೆ 1 ಇತ್ತು.

“ನೋಡಿ, ಅವರದ್ದೂ ಕೊನೆಯ ಮ್ಯಾಚುಗಳ ಫಾರ್ಮೇ,” ಎಂದರು ದುಬಾಯಿಯವರು. ಸಭೆ ಚಪ್ಪಾಳೆ ತಟ್ಟಿತು. ಲೆಸ್ಟರ್ ಏಳು ಮ್ಯಾಚು ಗೆದ್ದದ್ದು ಎದುರಾಳಿಗಳು ಮೈದಾನಕ್ಕೆ ಬಂದ ಮೇಲೆ ಎಂಬ ಸಣ್ಣ ವ್ಯತ್ಯಾಸವನ್ನು ಯಾರೂ ಎತ್ತಲಿಲ್ಲ. ಅದೇ ಲೆಸ್ಟರ್ 2023ರಲ್ಲಿ ಕೆಳಗಿನ ಲೀಗಿಗೆ ಇಳಿಯಿತು, ಮೇಲೆ ಬಂತು, 2025ರಲ್ಲಿ ಪುನಃ ಇಳಿಯಿತು. ಕಥೆಯ ಈ ಭಾಗ ಬರುವಷ್ಟರಲ್ಲಿ ದುಬಾಯಿಯವರ ನೆಟ್‌ವರ್ಕ್ ಹೋಯಿತು.

ಆದರೆ ಉದಾಹರಣೆ ಸಿಕ್ಕ ಮೇಲೆ ಸುಮ್ನೆ ಬಿಡುವ ಜನ ನಾವಲ್ಲ. ಲೆಸ್ಟರ್ ಗೆಲ್ಲುವ ಮೊದಲು ಏನು ಮಾಡಿತ್ತು? 2015ರ ಬೇಸಿಗೆಯಲ್ಲಿ ಹಳೆಯ ಮ್ಯಾನೇಜರನ್ನು ತೆಗೆದು ರನಿಯೇರಿಯನ್ನು ತಂದಿತ್ತು. ಹಾಗಾದರೆ ನಾವೂ ಕೋಚನ್ನು ತೆಗೆಯಬೇಕು ಎಂದರು ಉಪಾಧ್ಯಕ್ಷರು. ನಮಗೆ ಕೋಚೇ ಇಲ್ಲ ಎಂದು ಖಜಾಂಚಿ ನೆನಪಿಸಿದರು. ಸ್ವಲ್ಪ ಹೊತ್ತು ಚರ್ಚೆಯಾಗಿ, ಮೊದಲು ಒಬ್ಬರನ್ನು ನೇಮಿಸುವುದು, ಆಮೇಲೆ ತೆಗೆಯುವುದು ಎಂದು ತೀರ್ಮಾನವಾಯಿತು. ಲೆಸ್ಟರಿನ ಮಾಲೀಕರದ್ದು ವಿಮಾನ ನಿಲ್ದಾಣಗಳಲ್ಲಿ ಡ್ಯೂಟಿ ಫ್ರೀ ಅಂಗಡಿಗಳ ವ್ಯಾಪಾರ. ನಮ್ಮ ಪ್ರಾಯೋಜಕರೂ ಡ್ಯೂಟಿ ಫ್ರೀಗೆ ಹತ್ತಿರದವರೇ, ಊರಿಗೆ ಬರುವಾಗಲೆಲ್ಲ ಅಲ್ಲಿಂದ ಚಾಕಲೇಟು ತರುತ್ತಾರೆ.

ಏಷ್ಯಾಕ್ಕೆ ಹೋಗುವ ದಾರಿ ಹೇಗೆ ಎಂದು ಒಬ್ಬ ಟೀಚರ್ ಕೇಳಿದರು. ಟೀಚರುಗಳಿಗೆ ಇದೊಂದು ಕೆಟ್ಟ ಅಭ್ಯಾಸ. ದಾರಿ ಹೀಗಿದೆ: ಸೆವೆನ್ಸಿಗೆ ಅಖಿಲ ಭಾರತ ಫೆಡರೇಶನ್ನಿನ ಮಾನ್ಯತೆ ಇಲ್ಲ. ಆದ್ದರಿಂದ ಮೊದಲು ಹನ್ನೊಂದು ಜನರ ಟೀಮು ಆಗಬೇಕು. ಜಿಲ್ಲಾ ಲೀಗು, ಕೇರಳ ಪ್ರೀಮಿಯರ್ ಲೀಗು, ಅದರ ಮೇಲೆ ದೇಶದ ಕೆಳಗಿನ ಹಂತದ ಲೀಗುಗಳು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಇಂಡಿಯನ್ ಸೂಪರ್ ಲೀಗ್ ಎಂಬ ಐಎಸ್‌ಎಲ್ಲಿಗೆ ಹೋಗಬೇಕು. ಆ ಐಎಸ್‌ಎಲ್ಲಿನ ಸ್ಥಿತಿಯನ್ನು ನಾವೆಲ್ಲ ನೋಡಿದ್ದೇವೆ. 2025ರಲ್ಲಿ ಫೆಡರೇಶನ್ನಿಗೂ ಲೀಗು ನಡೆಸುವ ಕಂಪನಿಗೂ ಇದ್ದ ಒಪ್ಪಂದ ಮುಗಿಯಲು ಬಂತು, ಹೊಸದು ಆಗಲಿಲ್ಲ, ವರ್ಷ ಮುಗಿದರೂ ಚೆಂಡು ಉರುಳಲಿಲ್ಲ. ದೇಶದ ದೊಡ್ಡ ಲೀಗೇ ಯಾವಾಗ ಶುರು ಅಂತ ಗೊತ್ತಿಲ್ಲದೆ ಕೂತಿದ್ದಾಗ, ಪ್ರಾಕ್ಟೀಸಿಗೆ ಅರ್ಧ ಗಂಟೆ ತಡವಾಗಿ ಬರುವ ನಮ್ಮ ಹುಡುಗರನ್ನು ಯಾವ ಬಾಯಲ್ಲಿ ಬೈಯುವುದು ಹೇಳಿ.

ಹನ್ನೊಂದು ಜನ ಬೇಕಾದರೆ ಇನ್ನೂ ನಾಲ್ಕು ಆಟಗಾರರನ್ನು ಎಲ್ಲಿಂದ ತರುವುದು? ಸಮಿತಿಯಿಂದಲೇ ನಾಲ್ವರನ್ನು ಹಾಕೋಣ ಎಂದು ಸೂಚನೆ ಬಂತು. ಬಿಳಿ ಮುಂಡು ಉಟ್ಟವರಿಬ್ಬರು ಆಗಲೇ ಎದ್ದು ನಿಂತು ಕಾಲು ಝಾಡಿಸಿದರು.

ಹೆಮ್ಮೆ ಪಡಲು ನಮಗೆ ಕಾರಣ ಇಲ್ಲ ಅಂತ ನಾನು ಹೇಳುತ್ತಿಲ್ಲ. ಜಿಲ್ಲೆಯ ತೆಂಕು ತುದಿಯ ತ್ರಿಕ್ಕರಿಪುರದಿಂದ ಮೊಹಮ್ಮದ್ ರಫಿ ಭಾರತ ತಂಡಕ್ಕೇ ಹೋದವರು. 2016ರ ಐಎಸ್‌ಎಲ್ ಫೈನಲ್ಲಿನಲ್ಲಿ, ಕೊಚ್ಚಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಪರವಾಗಿ ತಲೆಯಲ್ಲಿ ಗೋಲು ಹೊಡೆದದ್ದು ಅವರೇ. ಕೊನೆಗೆ ಪೆನಾಲ್ಟಿಯಲ್ಲಿ ಕೋಲ್ಕತ್ತ ಗೆದ್ದಿತು. ಅದಕ್ಕೆ ಎರಡು ವರ್ಷ ಮೊದಲು ಬ್ಲಾಸ್ಟರ್ಸನ್ನು ಫೈನಲ್ಲಿನಲ್ಲಿ ಸೋಲಿಸಿದ್ದೂ ಅದೇ ಕೋಲ್ಕತ್ತ, ಆಗ ಗೋಲು ಹೊಡೆದವರು ರಫೀಕ್. 2022ರಲ್ಲಿ ಪುನಃ ಫೈನಲ್, ಪುನಃ ಪೆನಾಲ್ಟಿ, ಪುನಃ ಸೋಲು. ಹಳದಿ ಜೆರ್ಸಿಯ ಅಭಿಮಾನಿಗಳಿಗೆ ದೀರ್ಘಕಾಲದ ಗುರಿ ಅಂದರೆ ಏನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ರಫಿ ಬೆಳೆದದ್ದು ಊರಿನ ಮೈದಾನದಲ್ಲಿ ಆಡಿ ಆಡಿ. ಆದರೆ ನಮ್ಮ ಸಭೆಗೆ ಅವರು ಹುಟ್ಟಿದ ಜಿಲ್ಲೆ ಮಾತ್ರ ಮುಖ್ಯ. ಕಾಸರಗೋಡಿನ ಗಾಳಿಯಲ್ಲೇ ಏನೋ ಉಂಟು ಮಾರಾಯ್ರೇ, ಅಷ್ಟೇ.

ಗಾಳಿ ಇದ್ದರೂ ಜಾಗ ಇಲ್ಲ. 2024ರಲ್ಲಿ ಸೂಪರ್ ಲೀಗ್ ಕೇರಳ ಅಂತ ಶುರುವಾಯಿತು. ಆರು ಟೀಮು. ತಿರುವನಂತಪುರದಿಂದ ಹೊರಟ ಪಟ್ಟಿ ಕಣ್ಣೂರಿಗೆ ಬಂದು ನಿಂತಿತು. ಯಾವ ಯೋಜನೆ ಆದರೂ ಕಣ್ಣೂರು ದಾಟುವಾಗ ಸುಸ್ತಾಗುವುದು ನಮಗೆ ಹೊಸತಲ್ಲ. ಆಚೆ ಕರ್ನಾಟಕದ ಕಡೆಯವರೋ, ನೀವು ಕೇರಳದವರಲ್ವಾ ಅನ್ನುತ್ತಾರೆ. ಹಾಗಾಗಿ ನಮ್ಮ ಕನ್ನಡಿಗ ಅಭಿಮಾನಿಗೆ ಯಾರಿಗೆ ಚಪ್ಪಾಳೆ ಹೊಡೆಯಬೇಕು ಎಂಬ ಪ್ರಶ್ನೆ ಹುಟ್ಟಿನಿಂದಲೇ ಬರುತ್ತದೆ. 2023ರ ಮಾರ್ಚ್ 3ರ ರಾತ್ರಿ ಇದರ ಪರೀಕ್ಷೆಯೇ ಆಯಿತು. ಬೆಂಗಳೂರಿನ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗೂ ಬ್ಲಾಸ್ಟರ್ಸಿಗೂ ಐಎಸ್‌ಎಲ್ ಪ್ಲೇಆಫ್. ಬ್ಲಾಸ್ಟರ್ಸಿನವರು ಸಾಲಾಗಿ ನಿಂತು ಗೋಡೆ ಕಟ್ಟುವುದಕ್ಕೂ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ರೆಫ್ರಿ ಗೋಲು ಎಂದರು. ಬ್ಲಾಸ್ಟರ್ಸಿನ ಕೋಚ್ ಟೀಮನ್ನೇ ಕರೆದುಕೊಂಡು ಮೈದಾನ ಬಿಟ್ಟು ನಡೆದರು. ಅದಕ್ಕೆ ಕ್ಲಬ್ಬಿಗೆ ಬಿದ್ದ ದಂಡ 4 ಕೋಟಿ ರೂಪಾಯಿ.

ನಮ್ಮ ನೆರೆಮನೆಯಲ್ಲಿ ಅಣ್ಣನಿಗೆ ಬೆಂಗಳೂರಿನಲ್ಲಿ ಕೆಲಸ, ನೀಲಿ ಜೆರ್ಸಿ. ತಮ್ಮ ಕೊಚ್ಚಿಯಲ್ಲಿ ಓದುತ್ತಾನೆ, ಹಳದಿ ಜೆರ್ಸಿ. ಆ ರಾತ್ರಿಯಿಂದ ವಿಷುವಿನವರೆಗೆ ಇಬ್ಬರೂ ಮಾತು ಬಿಟ್ಟಿದ್ದರು. ಅಪ್ಪನಿಗೆ ಎರಡೂ ಬೇಡ, ಅವರು ಅರ್ಜೆಂಟೀನದವರು.

ಆ ಘಟನೆಯಿಂದ ನಮ್ಮ ಕ್ಲಬ್ಬು ಕಲಿತ ಪಾಠವೂ ಒಂದಿದೆ. ಈಗ ಒಂದು ಗೋಲು ಬಿದ್ದರೆ ಸಾಕು, ಟೀಮು ಮೈದಾನ ಬಿಟ್ಟು ಹೊರಡುತ್ತದೆ. ಗೇಟಿನವರೆಗೆ ಹೋಗಿ, ಚಾಯ ಕುಡಿದು, ಯಾರೂ ಕರೆಯದಿದ್ದಾಗ ತಾವೇ ವಾಪಸು ಬರುತ್ತಾರೆ.

ಅರ್ಜೆಂಟೀನದ ಮಾತು ಬಂದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. 2024ರ ನವೆಂಬರಿನಲ್ಲಿ ರಾಜ್ಯದ ಕ್ರೀಡಾ ಸಚಿವರು, ಮುಂದಿನ ವರ್ಷ ಅರ್ಜೆಂಟೀನ ತಂಡ ಕೇರಳಕ್ಕೆ ಬರುತ್ತದೆ ಎಂದು ಪ್ರಕಟಿಸಿದರು. ತಿಂಗಳು ಬದಲಾಯಿತು, ಪುನಃ ಬದಲಾಯಿತು, ಕೊನೆಗೆ 2025ರ ನವೆಂಬರಿನ ಆಟವೂ ಇಲ್ಲ ಎಂದಾಯಿತು. ಡಿಸೆಂಬರಿನಲ್ಲಿ ಮೆಸ್ಸಿ ಭಾರತಕ್ಕೇನೋ ಬಂದರು. ಕೋಲ್ಕತ್ತ, ಹೈದರಾಬಾದ್, ಮುಂಬೈ, ದೆಹಲಿ ಸುತ್ತಿದರು. ಕೋಲ್ಕತ್ತದಲ್ಲಿ ಅವರನ್ನು ಸರಿಯಾಗಿ ನೋಡಲು ಸಿಗದೆ ಜನ ಕುರ್ಚಿ ಕಿತ್ತು ಎಸೆದರು. ಕುರ್ಚಿ ಎಸೆಯುವ ಭಾಗ್ಯವೂ ಕೇರಳಕ್ಕೆ ಸಿಗಲಿಲ್ಲ. ಸರಕಾರವೇ ಗುರಿಯನ್ನು ಇಷ್ಟು ಎತ್ತರದಲ್ಲಿ ಇಟ್ಟಿರುವಾಗ ನಮ್ಮವರು ಏಷ್ಯಾ ಎಂದದ್ದು ಜಾಸ್ತಿಯೇನಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಸಂಕೋಚವೇ ಆಯಿತು.

ಸಭೆಯ ಕೊನೆಗೆ ನಿರ್ಣಯಗಳನ್ನು ಓದಿದರು. 2040ಕ್ಕೆ ಏಷ್ಯಾ. ಅದಕ್ಕೆ ಮೊದಲು ಸ್ವಂತ ಸ್ಟೇಡಿಯಂ, ಜಾಗ ಸಿಕ್ಕಿದ ಮೇಲೆ. ಅಕಾಡೆಮಿ, ಮಕ್ಕಳು ಸಿಕ್ಕಿದ ಮೇಲೆ. ಹೊಸ ಲಾಂಛನ ಮಾತ್ರ ತಕ್ಷಣ. ಅದರಲ್ಲಿ ಹುಲಿ ಇರಬೇಕೋ ಆನೆ ಇರಬೇಕೋ ಎಂಬ ಚರ್ಚೆ ಉಳಿದೆಲ್ಲ ಚರ್ಚೆಗಿಂತ ಉದ್ದ ನಡೆಯಿತು. ಖಜಾಂಚಿ ನಡುವೆ ಎದ್ದು, ಇರುವ ಎರಡು ಚೆಂಡಿನಲ್ಲಿ ಒಂದು ಒಡೆದಿದೆ, ಗಾಳಿ ಹಾಕುವ ಪಂಪು ಜನವರಿಯಲ್ಲಿ ಪಕ್ಕದ ಕ್ಲಬ್ಬಿನವರು ಕೊಂಡುಹೋದದ್ದು ವಾಪಸು ಬಂದಿಲ್ಲ ಎಂದರು. ಇಂಥ ಚಿಲ್ಲರೆ ವಿಷಯಗಳನ್ನು ಮುಂದಿನ ಸಭೆಗೆ ಇಡೋಣ ಎಂದು ಅಧ್ಯಕ್ಷರು ಕೈ ಎತ್ತಿದರು. ಆಟಗಾರರಲ್ಲಿ ಮೂವರು ಸಭೆಗೆ ಬಂದಿರಲಿಲ್ಲ. ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುವ ಸಮಯ, ಅವರು ಯಾರದೋ ತೋಟದಲ್ಲಿ ಮರದ ಮೇಲಿದ್ದರು.

ಎಲ್ಲರೂ ಏಳುವಾಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಗೋಲ್‌ಕೀಪರ್ ಹುಡುಗ ಕಾರ್ಯದರ್ಶಿಗಳನ್ನು ಕೇಳಿದ: “ಅಣ್ಣಾ, ನಾಳೆ ಪ್ರಾಕ್ಟೀಸ್ ಉಂಟಾ?”

“ನಾಳೆಯಾ? ನಾಳೆ ಹೊಸ ಫ್ಲೆಕ್ಸ್ ಕಟ್ಟಲಿಕ್ಕೆ ಉಂಟು,” ಎಂದರು ಅವರು. “ಏಣಿ ಹಿಡಿಯಲಿಕ್ಕೆ ಜನ ಇಲ್ಲ, ನೀನೂ ಬಾ.”